ಗವಿಯೊಳಗಿನ ತಾಯಮ್ಮನಿಗೆ ಅಂಬಲಿ

ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಏನನ್ನಿಟ್ಟರೆ ಬೆಕ್ಕು ಸೋಲೊಪ್ಪಿಕೊಳ್ಳುತ್ತದೆ ಎಂಬ ಗಹನವಾದ ಪ್ರಶ್ನೆಗೆ ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಒಂದೇ ಉತ್ತರ: ಐದನೆಯ ಸಂಪುಟ. ಇಂಗ್ಲಿಷಿನ ಮಾಯಾಲೋಕದ ಕಥಾಮಾಲಿಕೆಯೊಂದರ ಪುಸ್ತಕವದು. ಇಟ್ಟಿಗೆಯಷ್ಟು ದಪ್ಪ, ರಟ್ಟಿನ ಮೇಲೆ ಬೆಂಕಿಯುಗುಳುವ ರೆಕ್ಕೆಯ ಸರ್ಪ. ಚಾಮರಾಜನಗರದ ಬೆಕ್ಕೊಂದು ಸಾಹಿತ್ಯದ ಮುಂದೆ ಇಷ್ಟು ವಿನಯದಿಂದ ಹಿಂದೆ ಸರಿಯುವುದನ್ನು ಕಂಡಾಗಲೆಲ್ಲ, ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನನಗೆ ನನ್ನ ವಿದ್ಯಾರ್ಥಿಗಳ ನೆನಪಾಗಿ ಹೊಟ್ಟೆ ಉರಿಯುತ್ತದೆ.

ಐದನೆಯದನ್ನು ಬರೆದ ಮಹಾಶಯ ಅದರ ಕೊನೆಯ ಪುಟದಲ್ಲಿ ನಾಯಕಿಯನ್ನು ಒಂದು ಗವಿಯೊಳಗೆ ತಳ್ಳಿ, ಗವಿಯ ಬಾಯಿಗೆ ಬಂಡೆ ಉರುಳಿಸಿ, ತಾನು ಮಾತ್ರ ವರ್ಷಗಟ್ಟಲೆ ನಾಪತ್ತೆಯಾಗಿಬಿಟ್ಟ. ಈಗ ಆರನೆಯದು ಬಂದಿದೆಯಂತೆ. ಬರಲಿ, ನನಗೇನು? ಮತ್ತೆ ಆ ಲೋಕಕ್ಕೆ ಕಾಲಿಡುವುದಿಲ್ಲವೆಂದು ನಿರ್ಧರಿಸಿಬಿಟ್ಟೆ. ಯಾವ ರಾಜನ ಮಗ ಯಾವನೆಂಬುದು ಮರೆತಿದೆ, ಹಿಂದಿನದನ್ನೆಲ್ಲ ಪುನಃ ಓದಲು ಕನ್ನಡಕ ಒಪ್ಪುವುದಿಲ್ಲ, ಮೇಲಾಗಿ ಕಾಯಿಸಿದವನ ಮೇಲೆ ಕೋಪ. ಓದದಿದ್ದರೆ ಒಳ್ಳೆಯದೇ, ಹಾಲು ಉಳಿಯುತ್ತದೆ ಎಂದಳು ನನ್ನ ಹೆಂಡತಿ.

ಆದರೆ ಈ ನಿರ್ಧಾರವನ್ನು ತಿಳಿಸಲೇಬೇಕಾದ ಒಬ್ಬರಿದ್ದರು: ಹಂಗಳದ ನನ್ನ ದೊಡ್ಡವ್ವ. ಅವರೆಕಾಯಿಯ ಕಾಲದಲ್ಲಿ ಅವರ ಮನೆಯ ಜಗಲಿಯ ಮೇಲೆ ಸೊಸೆಯರೂ ಮೊಮ್ಮಕ್ಕಳೂ ಸುತ್ತ ಕೂತು, ನೆನೆಸಿದ ಕಾಳನ್ನು ಒಂದೊಂದಾಗಿ ಹಿತುಕುತ್ತಿದ್ದರೆ, ಕೈಗೆ ಕೆಲಸವಿದ್ದಷ್ಟು ಹೊತ್ತೂ ಕಿವಿಗೆ ಕತೆ ಬೇಕು. ಆ ಕೆಲಸ ನನ್ನದು. ಐದು ಸಂಪುಟಗಳನ್ನೂ ಹಾಗೆಯೇ ಕನ್ನಡದಲ್ಲಿ ಹೇಳಿ ಮುಗಿಸಿದ್ದೆ. ನಾಲಿಗೆ ಹೊರಳದ ನಾಯಕಿಯ ಹೆಸರನ್ನು ಕೇಳಿದ ಮೊದಲ ದಿನವೇ ದೊಡ್ಡವ್ವ ಅವಳಿಗೆ ತಾಯಮ್ಮ ಎಂದು ನಾಮಕರಣ ಮಾಡಿದ್ದರು. ಹೂಂಗುಟ್ಟುವುದೂ ಅವರೇ, ಅವರ 'ಊಂ' ಬರದೆ ಕತೆ ಮುಂದೆ ಹೋಗುವಂತಿಲ್ಲ. ಆ ಮನೆಯಲ್ಲಿ ಇನ್ನೂ ಒಂದು ಕಟ್ಟಳೆ: ಕತೆಯೊಳಗಿನವರನ್ನು ಹಸಿವಿನಲ್ಲಿ ಬಿಟ್ಟು ಎದ್ದೇಳಕೂಡದು. ಯುದ್ಧ ನಡುವೆ ನಿಂತರೂ ಚಿಂತೆಯಿಲ್ಲ, ಸೈನಿಕರಿಗೆ ಒಂದು ತುತ್ತು ಮುದ್ದೆಯಾದರೂ ಬಿದ್ದಿರಬೇಕು. ತಾಯಮ್ಮನ ವಿಷಯದಲ್ಲಿ ಮಾತ್ರ, ಪುಸ್ತಕವೇ ಅಲ್ಲಿಗೆ ಮುಗಿದದ್ದರಿಂದ, ನಾನು ಕೈಚೆಲ್ಲಿ ಎದ್ದು ಬಂದಿದ್ದೆ.

ಕಳೆದ ಭಾನುವಾರ ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ಹಂಗಳಕ್ಕೆ ಹೋದಾಗ ಜಗಲಿ ತುಂಬ ಅವರೆಯ ಸೊಗಡು. ಕೂತು ಒಂದು ಹಿಡಿ ಹಿತುಕುವಷ್ಟರಲ್ಲಿ ಕತೆ ಬರೆದು ಮಲಗಿಬಿಟ್ಟವನು ಎದ್ದನೋ ಇಲ್ಲವೋ ಎಂದು ದೊಡ್ಡವ್ವ ವಿಚಾರಿಸಿದರು. ಎದ್ದಿದ್ದಾನೆ, ಆದರೆ ನಾನು ಓದುವುದಿಲ್ಲ, ಆ ಕತೆ ನಮ್ಮ ಪಾಲಿಗೆ ಮುಗಿಯಿತೆಂದುಕೊಳ್ಳಿ ಎಂದೆ, ಸಭೆಯಲ್ಲಿ ನಿರ್ಣಯ ಮಂಡಿಸುವವನ ಗತ್ತಿನಲ್ಲಿ.

ಅವರ ಕೈ ನಿಂತಿತು. "ಮುಗಿಯಾದೆಂಗ ಮಗ? ಆ ಹೆಣ್ಣ ಗವೀಲಿ ಬುಟ್ಟು ಬಂದಿದ್ದೀಯಲ್ಲ."

ನನಗೆ ಗೊತ್ತಿಲ್ಲದ ಸಂಗತಿ ಆಮೇಲೆ ಹೊರಬಿತ್ತು. ನಾನು ತಪ್ಪಿಸಿಕೊಂಡ ಅಷ್ಟೂ ವರ್ಷ, ಅವರೆ ಹಿತುಕಲು ಕೂತಾಗಲೆಲ್ಲ, ಮೊಮ್ಮಕ್ಕಳು ತಾಯಮ್ಮ ಏನಾದಳೆಂದು ಕೇಳುತ್ತಿದ್ದರಂತೆ. ದೊಡ್ಡವ್ವ ಬಂಡೆಯ ಸಂದಿಯೊಂದನ್ನು ಪತ್ತೆ ಮಾಡಿ, ರೆಕ್ಕೆಯ ಹಾವಿನ ಕೊರಳಿಗೆ ಸೋರೆಬುರುಡೆ ಕಟ್ಟಿ, ರಾಗಿ ಅಂಬಲಿ ಕಳಿಸುತ್ತಾ ಬಂದಿದ್ದಾರೆ. ಬೆಂಕಿ ಉಗುಳುವ ಹಾವು ಅಂಬಲಿಯನ್ನು ಬಿಸಿಯಾಗಿಯೇ ತಲುಪಿಸುತ್ತದೆಂಬುದು ಮಕ್ಕಳ ಸೇರ್ಪಡೆ. ನಾನು ಬಿದ್ದುಬಿದ್ದು ನಕ್ಕೆ. ಅಂಬಲಿ ಕೊಟ್ಟವರಿಗೆ ಬಂಡೆ ಸರಿಸುವುದೇನು ದೊಡ್ಡದು, ಇವತ್ತೇ ಸರಿಸಿ ಅವಳನ್ನು ಹೊರಗೆ ಕರೆದುಬಿಡಿ ಎಂದೆ. ದೊಡ್ಡವ್ವ ನಗಲಿಲ್ಲ.

"ಅಂಬ್ಲಿ ಕೊಡಾದು ನನ್ ಕೈಲಾಯ್ತದ ಕಣ್ ಮಗ. ಕಲ್ಲು ನಂದಲ್ಲ, ಬರ್ದೋನು ಇಟ್ಟಿರ ಕಲ್ಲು. ನೀ ಓಗಿ ಅವ್ನ ಕೈಲೇ ಸರುಸ್ಕ ಬಾ. ನಾನಿರಗಂಟ ಅಂಬ್ಲಿ ಓಯ್ತದ. ಆಮೇಕೆ?"

ನನ್ನ ಮರೆವು, ನನ್ನ ಕನ್ನಡಕ, ನನ್ನ ಕೋಪ ಎಲ್ಲ ಆ 'ಆಮೇಕೆ'ಯ ಮುಂದೆ ತೀರ ಸಣ್ಣವಾಗಿ ಕಂಡವು. ಹಿಂದಿನದನ್ನೆಲ್ಲ ಓದದೆ ಆರನೆಯದಕ್ಕೆ ಕೈ ಹಾಕಬಾರದೆಂದು ಯಾರು ಹೇಳಿದರು? ನೀವೇ ಹೇಳಿ, ನಮ್ಮ ಕಡೆ ಬೆಳಗಿನವರೆಗೂ ಹಾಡುವ ದೇವರ ಕತೆಗೆ ಮೊದಲಿನಿಂದ ಕೂತವರು ಎಷ್ಟು ಜನ? ನಡುವೆ ಬಂದವನು ಎಲ್ಲಿಗೆ ಬಂತೆಂದು ಪಕ್ಕದವನನ್ನು ಕೇಳಿ, ಕಂಬಳಿ ಹೊದ್ದು ಕೂರುತ್ತಾನೆ, ಕತೆಯೂ ಅವನನ್ನು ಸೇರಿಸಿಕೊಳ್ಳುತ್ತದೆ. ನನ್ನ ಪಕ್ಕದಲ್ಲಂತೂ ದೊಡ್ಡವ್ವ ಇದ್ದಾರೆ. ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಚಾಮರಾಜನಗರದ ಬಸ್ಸು ಬರುವುದರೊಳಗೆ, ಫೋನಿನಲ್ಲಿ ಆರನೆಯ ಸಂಪುಟಕ್ಕೆ ಆರ್ಡರ್ ಮಾಡಿಬಿಟ್ಟೆ. ಅವರೆ ಮುಗಿಯುವ ಮುಂಚೆ ತಾಯಮ್ಮ ಹೊರಬರಬೇಕು, ಅಷ್ಟೇ.

ಪುಸ್ತಕ ನಿನ್ನೆ ಬಂತು. ಐದನೆಯದನ್ನು ಅಡುಗೆಮನೆಯಿಂದ ಬಿಡಿಸಿ ತಂದು, ರಟ್ಟಿಗೆ ಅಂಟಿದ್ದ ಹಾಲಿನ ಕಲೆ ಒರೆಸಿ, ಅದರ ತಮ್ಮನ ಪಕ್ಕದಲ್ಲಿಟ್ಟೆ. ಹಾಲಿನ ಮುಚ್ಚಳದ ಮೇಲೆ ಈಗ ಗುಂಡುಕಲ್ಲು ಕೂತಿದೆ. ಬೆಕ್ಕು ಅದನ್ನು ಸುತ್ತುಹಾಕಿ ನೋಡುತ್ತಿದೆ. ನಾನು ಮೊದಲ ಪುಟ ತೆರೆದೆ. ಗವಿಯೊಳಗೆ ನಾಯಕಿ ಬಹುಕಾಲದಿಂದ ಅನ್ನನೀರಿಲ್ಲದೆ ಕಡ್ಡಿಯಂತಾಗಿದ್ದಳೆಂದು ಮಹಾಶಯ ಬರೆದಿದ್ದಾನೆ.

ಪೆನ್ಸಿಲ್ ತೆಗೆದುಕೊಂಡು ಆ ಸಾಲನ್ನು ಹೊಡೆದುಹಾಕಿದೆ.