ಮುಟ್ಟಿದ ಕುದುರೆ

ನಮ್ಮಕ್ಕನಿಗೆ ಸೊಟ್ಟಗಿರುವುದು ಕಂಡರೆ ಆಗುವುದಿಲ್ಲ. ಶರ್ಟ್ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಕಾಲರ್ ತಪಾಸಣೆ ಮಾಡುವವಳು. ಬಸ್ಸಿನಲ್ಲಿ ಮುಂದೆ ಕೂತ ಅಪರಿಚಿತನ ಕಾಲರನ್ನೂ ಸರಿಮಾಡಿ ಬೈಸಿಕೊಂಡಿದ್ದಾಳೆ. ಅವಳ ಜೊತೆ ಓಡಾಡಲು ನನಗಂತೂ ನಾಚಿಕೆ.

ಅವಳ ಇನ್ನೊಂದು ಹುಚ್ಚು ಚದುರಂಗ. ಊಟದ ಬಿಡುವಿನಲ್ಲಿ ಹಳೆಯ ಪುಸ್ತಕವೊಂದನ್ನು ನೋಡಿ ಕಲಿತಳು. ಬಿಳಿ ಕಾಯಿ ಸಿಕ್ಕಾಗಲೆಲ್ಲ ಒಂದೇ ಆರಂಭ: ಮಂತ್ರಿಯ ಮುಂದಿನ ಕಾಲಾಳು ಎರಡು ಮನೆ, ಆಮೇಲೆ ಅದರ ಎಡಗಡೆಯ ಕಾಲಾಳು ಎರಡು ಮನೆ. ಹನ್ನೊಂದು ವರ್ಷ ಬೇರೆ ಆಡಿದವಳೇ ಅಲ್ಲ.

ಈ ಸಲ ಊರ ತಂಡದ ಕೊನೆಯ ಜಾಗಕ್ಕೆ ಒಂದೇ ಪಂದ್ಯ ಉಳಿದಿತ್ತು. ಗೆದ್ದರೆ ಅಕ್ಕನಿಗೆ, ಇಲ್ಲದಿದ್ದರೆ ಎದುರಾಳಿ ಗಣಿತದ ಮೇಷ್ಟ್ರಿಗೆ. ನಲವತ್ತಾರು ದಾಟಿದವಳಿಗೆ ಇಂಥ ಅವಕಾಶ ಮತ್ತೆಲ್ಲಿ?

ಅಕ್ಕನಿಗೆ ಬಿಳಿ ಕಾಯಿ ಸಿಕ್ಕಿತು. ಮೇಷ್ಟ್ರು ಗಡಿಯಾರ ಒತ್ತಿದರು. ಅಕ್ಕನ ಎಡಗಡೆಯ ಕುದುರೆ ಮೂತಿ ತಿರುಗಿಸಿ ನಿಂತಿತ್ತು. ಅವಳ ಕೈ ಹೋಗಿಯೇಬಿಟ್ಟಿತು. ನೆಟ್ಟಗೆ ಮಾಡಿದಳು.

"ಮುಟ್ಟಿದ್ರಲ್ಲ ಮೇಡಂ, ಅದನ್ನೇ ನಡೆಸ್ಬೇಕು," ಎಂದರು ಮೇಷ್ಟ್ರು.

ತೀರ್ಪುಗಾರರೂ ತಲೆಯಾಡಿಸಿದರು. "ಸರಿ ಮಾಡ್ತೀನಿ ಅಂತ ಮೊದ್ಲೇ ಹೇಳ್ಬೇಕಿತ್ತಮ್ಮ."

ಅಯ್ಯೋ, ನನ್ನ ಮೈಯೆಲ್ಲ ಉರಿದುಹೋಯಿತು. ಇವಳ ಕೈಗಿಷ್ಟು ಬೆಂಕಿ ಹಾಕ! ಕುದುರೆ ಹೋಗಿ ಆ ಎಡಗಡೆಯ ಕಾಲಾಳಿಗೇ ಅಡ್ಡ ನಿಂತಿತು. ಹನ್ನೊಂದು ವರ್ಷದ ಆರಂಭ ಒಂದೇ ನಡೆಗೆ ಮಣ್ಣುಪಾಲು.

ಆದರೆ ಸ್ವಲ್ಪ ಹೊತ್ತಿಗೆ ಮೇಷ್ಟ್ರೂ ಹಣೆ ಉಜ್ಜತೊಡಗಿದರು. ಅಕ್ಕ ಆಡುವುದು ಒಂದೇ ಆಟವೆಂದು ಊರಿಗೆಲ್ಲ ಗೊತ್ತು. ಅದನ್ನು ಮುರಿಯುವುದು ಹೇಗೆಂದು ತಿಂಗಳಿಡೀ ಓದಿಕೊಂಡು ಬಂದಿದ್ದರು, ಪುಣ್ಯಾತ್ಮರು. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಅಕ್ಕ ನೇರ ಬಂದು ಬಲೆಗೆ ಬೀಳುತ್ತಿದ್ದಳು. ಈಗ ಇಬ್ಬರಿಗೂ ಗೊತ್ತಿಲ್ಲದ ದಾರಿ.

ಅಕ್ಕ ಕನ್ನಡಕ ಒರೆಸಿಕೊಂಡಳು. ಬಿಟ್ಟುಹೋದ ಹೊಲಿಗೆ ಹುಡುಕುವ ಹಾಗೆ ಒಂದೊಂದೇ ಮನೆ ನೋಡುತ್ತಾ ಆಡಿದಳು. ಅಬ್ಬಾ, ಆ ತಾಳ್ಮೆ! ಮೂವತ್ತನೇ ನಡೆಗೆ ಮೇಷ್ಟ್ರು, "ಸಮ ಮಾಡ್ಕೊಳ್ಳೋಣ್ವಾ?" ಎಂದರು. ಸಮವಾದರೆ ಜಾಗ ಅವರದೇ.

"ಇಲ್ಲ ಸಾರ್, ಆಡೋಣ," ಎಂದಳು ಅಕ್ಕ.

ನಾಲ್ಕು ಗಂಟೆ ಕಳೆದಾಗ ಚೆಕ್ ಬಿದ್ದ ಮೇಷ್ಟ್ರ ರಾಜನಿಗೆ ಹೋಗಲು ಒಂದು ಮನೆಯೂ ಉಳಿದಿರಲಿಲ್ಲ. ತೀರ್ಪುಗಾರರು ತಂಡದ ಪಟ್ಟಿಯಲ್ಲಿ ಅಕ್ಕನ ಹೆಸರು ಬರೆದರು.

ಹೊರಗೆ ಬಂದವಳೇ ಮೆಟ್ಟಿಲ ಮೇಲೆ ಕೂತು ಅಳತೊಡಗಿದಳು.

"ಗೆದ್ಯಲ್ಲಕ್ಕ, ಇನ್ಯಾಕೆ ಅಳ್ತೀಯ?" ಎಂದು ಗದರಿದೆ.

"ಇಷ್ಟು ವರ್ಷ ಪುಸ್ತಕ ಹೇಳಿದ್ದನ್ನ ಆಡ್ತಿದ್ದೆ ಕಣೋ," ಎಂದಳು. "ನಂಗೆ ಚದುರಂಗ ಬರುತ್ತೆ ಅಂತ ಇವತ್ತೇ ಗೊತ್ತಾಗಿದ್ದು."