ನಾನು ನೆಟ್ಟ ಅರಳಿಯ ಮದುವೆ

ಪರಿಸರ ಸಂಘದ ಕೆಲಸ ಅಂತ ಊರೂರಲ್ಲಿ ಸಸಿ ನೆಡುತ್ತಾ ತಿರುಗುತ್ತಿದ್ದ ಕಾಲ. ಬೇಲೂರಿನಿಂದ ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆ ಮೇಲಿಟ್ಟುಕೊಂಡು ಬಂದು, ಕಣಕಟ್ಟೆ ಕೆರೆ ಏರಿಯ ಪಕ್ಕ ಒಂದು ಅರಳಿ ನೆಟ್ಟಿದ್ದೆ. ಆಮೇಲೆ ಆ ಕಡೆ ತಲೆ ಹಾಕಿರಲಿಲ್ಲ.

ಎಷ್ಟೋ ವರ್ಷದ ಮೇಲೆ ಅರಸೀಕೆರೆ ಬಸ್ಸಿನಲ್ಲಿ ಹೋಗುವಾಗ ಅಲ್ಲಿ ಚಪ್ಪರ ಕಂಡಿತು, ವಾಲಗ ಕೇಳಿಸಿತು. ಇಳಿದೆ. ನನ್ನ ಅರಳಿಗೂ ಪಕ್ಕದ ಬೇವಿಗೂ ಮದುವೆ! ಅರಳಿಗೆ ಪಂಚೆ ಉಡಿಸಿದ್ದರು, ಬೇವಿಗೆ ಸೀರೆ. ಗಂಡಿನ ಅಪ್ಪನ ಜಾಗದಲ್ಲಿ ಜರಿಪೇಟ ಸುತ್ತಿಕೊಂಡು ಯಾವನೋ ಕೂತಿದ್ದ. ನನಗೆ ಹೊಟ್ಟೆ ಉರಿದುಹೋಯಿತು.

ಅಕ್ಷತೆ ಹಂಚುತ್ತಿದ್ದ ಮುದುಕಿಗೆ, “ಅದನ್ನ ನೆಟ್ಟೋನು ನಾನು ಕಣಜ್ಜಿ,” ಅಂದೆ.

“ಇರಬೋದು ಕಣಪ್ಪ. ಬ್ಯಾಸಿಗೆಲೆಲ್ಲ ನೀರು ಹುಯ್ದು ಸಾಕ್ದೋನು ಆ ನಂಜಪ್ಪ. ಅಪ್ಪನ ಜಾಗ ಅವಂದೇಯ. ನಿಂಗೆ ಮದ್ವೆ ಆಗೈತಾ?”

“ಇಲ್ಲಜ್ಜಿ, ಯಾರೂ ಹೆಣ್ಣು ಕೊಡಲಿಲ್ಲ.”

“ಇದಕ್ಕೆ ಕೊಟ್ರು ನೋಡು. ಒಂದ್ ಕಡೆ ನಿಂತೈತೆ.”

ಪೇಟದ ಮೇಲಿದ್ದ ಹೊಟ್ಟೆಕಿಚ್ಚು ಮರದ ಮೇಲೆ ತಿರುಗಿತು. ಅಕ್ಷತೆಯನ್ನು ಸ್ವಲ್ಪ ಜೋರಾಗಿಯೇ ಎಸೆದೆ. ಊಟಕ್ಕೆ ಮಾತ್ರ ಯಾರನ್ನೂ ಕೇಳದೆ ಗಂಡಿನ ಕಡೆಯವರ ಪಂಕ್ತಿಯಲ್ಲೇ ಕೂತೆ.