ಹಸಿರು ದೀಪ ಉರಿಯುತ್ತಲೇ ಇತ್ತು

ಮಹಾನಂದಾ ಅವರೇ, ಆ ದಿನ ನಿಮ್ಮ ಪಾಸ್‌ವರ್ಡ್ ಸರಿಯಾಗಿಯೇ ಇತ್ತು. ಕೆಟ್ಟಿದ್ದು ನನ್ನ ಸರ್ವರ್. ಅದು ನನಗೆ ಅವತ್ತೇ ಗೊತ್ತಾಗಿತ್ತು — ಗೊತ್ತಿದ್ದೂ ನಾಲ್ಕು ಜನರ ಎದುರು ನಿಮ್ಮನ್ನು ದಡ್ಡಿ ಮಾಡಿದೆ.

ಮುಧೋಳದ ಕಡೆಯ ಆ ಸಕ್ಕರೆ ಕಾರ್ಖಾನೆಯಲ್ಲಿ ಆಗಲೂ ಈಗಲೂ ಕಂಪ್ಯೂಟರ್ ಜಾಲ ನೋಡಿಕೊಳ್ಳುವವನು ನಾನು. ನೀವು ಬನಹಟ್ಟಿಯಿಂದ ದಿನಾ ಬಸ್ಸಿಗೆ ಬಂದು, ಕಬ್ಬು ತೂಗುವ ಕಾಟಾದಲ್ಲಿ ತೂಕ ದಾಖಲಿಸುತ್ತಿದ್ದವರು — ವರ್ಷದ ಕರಾರಿನ ಮೇಲೆ. ನಿಮಗೆ ಈ ಕೆಲಸ ಸಿಕ್ಕಾಗ ನಿಮ್ಮ ತಂದೆ ಓಣಿಗೆಲ್ಲ ಪೇಡೆ ಹಂಚಿದ್ದರಂತೆ. ಯಾವ ಕಂಪ್ಯೂಟರ್ ಚಾಲೂ ಆದರೂ ಮೊದಲು ಸರ್ವರ್ ಅದನ್ನು ಬಳಸುವವರ ಹೆಸರು, ಪಾಸ್‌ವರ್ಡ್ ಪರೀಕ್ಷಿಸಿ ಜಾಲದ ಒಳಗೆ ಬಿಡಬೇಕು ಎಂಬ ವ್ಯವಸ್ಥೆ ತಂದವನು ನಾನೇ. ಆ ಸರ್ವರನ್ನು ಕಾಯುವ ಪರದೆಯೂ ನನ್ನದೇ. ನಡೆಯುತ್ತಿದ್ದರೆ ಹಸಿರು ದೀಪ, ನಿಂತರೆ ಕೆಂಪು. ಬಂದವರಿಗೆಲ್ಲ ಅದನ್ನು ತೋರಿಸಿ ಮೀಸೆ ತಿರುವುತ್ತಿದ್ದೆ.

ಕಬ್ಬು ಅರೆಯುವ ಹಂಗಾಮು ಜೋರಾಗಿದ್ದ ಒಂದು ಮುಂಜಾನೆ ನಿಮ್ಮ ಕಂಪ್ಯೂಟರ್ ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಬಂದ್ ಮಾಡಿ ಮತ್ತೆ ಚಾಲೂ ಮಾಡಿದಿರಿ. ಆಮೇಲೆ ಒಳಗೇ ಬಿಡಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯವರೆಗೂ ನಿಂತವು, ರೈತರ ಬಾಯಿ ಜೋರಾಯಿತು. ಬೆಳಗಿನಿಂದ ಒಳಗೇ ಇದ್ದ ಉಳಿದ ಕಂಪ್ಯೂಟರುಗಳು ಮಾತ್ರ ನಡೆಯುತ್ತಲೇ ಇದ್ದವು. ಹಾಗಾಗಿ ಎಲ್ಲರ ಬೆರಳು ನಿಮ್ಮ ಕಡೆ. ನೀವು ನನ್ನ ಕೋಣೆಗೆ ಓಡಿ ಬಂದಿರಿ.

ನಾನು ಕುಳಿತಲ್ಲಿಂದಲೇ ಪರದೆ ತೋರಿಸಿದೆ. “ಹಸಿರ ದೀಪ ಕಾಣವಲ್ದೇನ್ರಿ? ಸರ್ವರ್ ಛಲೋ ಐತಿ. ನೀವ ತಪ್ಪ ಒತ್ತಾಕತ್ತೀರಿ.”

ನೀವು ಸಿಟ್ಟಾಗಲಿಲ್ಲ. “ಸರ, ನಮ್ಮನ್ಯಾಗ ಕರೆಂಟ್ ಮಗ್ಗ ಐತ್ರಿ. ಎಳಿ ಹರದ್ರೂ ಅದು ಸಪ್ಪಳಾ ಮಾಡ್ಕೋಂತನ ಇರತೈತಿ. ನಮ್ಮಪ್ಪ ಸಪ್ಪಳಾ ಕೇಳ್ಕೋಂತ ಕುಂದ್ರೂದಿಲ್ಲ, ಎದ್ದ ಹೋಗಿ ಅರಿವಿ ಮುಟ್ಟಿ ನೋಡ್ತಾನ. ನೀವೂ ಒಂದ್ಸಲ ನೋಡ್ರಲಾ,” ಎಂದಿರಿ.

ನೀವು ಹೋದ ಮೇಲೆ ನೋಡಿದೆ. ನನ್ನ ಪರದೆ ಸರ್ವರನ್ನು ‘ಇದ್ದೀಯಾ?’ ಎಂದಷ್ಟೇ ಕೇಳುತ್ತಿತ್ತು. ಅದು ‘ಇದ್ದೇನೆ’ ಎಂದರೆ ಹಸಿರು. ಒಬ್ಬರ ಹೆಸರು ಹೇಳಿ ‘ಇವರನ್ನು ಒಳಗೆ ಬಿಡುತ್ತೀಯಾ?’ ಎಂದು ಒಮ್ಮೆಯೂ ಕೇಳಿರಲಿಲ್ಲ. ಒಳಗೆ ಬಿಡುವ ಪ್ರೋಗ್ರಾಂ ಎರಡು ತಾಸಿನ ಹಿಂದೆಯೇ ನಿಂತುಹೋಗಿತ್ತು. ಮತ್ತೆ ಚಾಲೂ ಮಾಡಿದೆ — ಅರ್ಧ ನಿಮಿಷದ ಕೆಲಸ. ಆಗಲೇ ಬಾಯಿ ಬಿಟ್ಟು ಹೇಳಿದ್ದರೆ...

ಹೇಳಲಿಲ್ಲ. ಕಾಟಾ ಕೋಣೆಗೆ ಬಂದೆ. ಕಬ್ಬಿನ ವಿಭಾಗದ ಸಾಹೇಬರೂ ಕಾಟಾದ ಬೇರೆ ನೌಕರರೂ ಅಲ್ಲೇ ನಿಂತಿದ್ದರು. ನಿಮ್ಮ ಕುರ್ಚಿಯ ಹಿಂದೆ ಕೈಕಟ್ಟಿ ನಿಂತು, “ಈಗ ಸಾವಕಾಶ ಒತ್ತರಿ,” ಎಂದೆ. ಒತ್ತಿದಿರಿ. ಒಳಗೆ ಬಿಟ್ಟಿತು. “ನೋಡ್ರಿ, ಸರಿ ಒತ್ತಿದ್ರ ಬರತೈತಿ.”

ಎಲ್ಲರೂ ನಕ್ಕರು. “ಇಂಥವ್ರನ್ನ ತಂದ ಕುಂದ್ರಿಸಿದ್ರ ಹಿಂಗ ಆಗೂದು,” ಎಂದರು ಸಾಹೇಬರು. ನೀವು ತಿರುಗಿ ನನ್ನ ಮುಖ ನೋಡಿದಿರಿ — ಆಗಲೇ ನಿಮಗೆ ತಿಳಿದಿತ್ತೇನೋ. ವರದಿಯಲ್ಲಿ ‘ಬಳಸಿದವರ ತಪ್ಪು’ ಎಂದು ಬರೆದು ಸಹಿ ಹಾಕಿದೆ. ಮುಂದಿನ ಹಂಗಾಮಿಗೆ ನಿಮ್ಮ ಕರಾರು ಮುಂದುವರಿಯಲಿಲ್ಲ. ನೀವು ಮನೆಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದೀರಿ ಎಂದು ಜಮಖಂಡಿ ಬಸ್ಸಿನಲ್ಲಿ ಯಾರೋ ಹೇಳಿದರು. ನಾನು ಕಿಟಕಿಯತ್ತ ಮುಖ ತಿರುಗಿಸಿದೆ.

ಪರದೆಯನ್ನು ಮಾತ್ರ ಆ ವಾರವೇ ಬದಲಿಸಿದ್ದೆ. ಪರೀಕ್ಷೆಗೆಂದೇ ಒಂದು ಹೆಸರು ಸೇರಿಸಿ, ನಿಮಿಷಕ್ಕೊಮ್ಮೆ ಅದರ ಪಾಸ್‌ವರ್ಡ್ ಕೊಟ್ಟು ಸರ್ವರ್ ಒಳಗೆ ಬಿಡುತ್ತದೆಯೇ ಎಂದು ನೋಡುವಂತೆ ಮಾಡಿದೆ. ಆ ಹೆಸರು ‘ಮಹಾನಂದಾ’. ಅದನ್ನೇ ಪ್ರಾಯಶ್ಚಿತ್ತ ಎಂದುಕೊಂಡಿದ್ದೆ — ಥೂ, ಎಂಥ ಅಗ್ಗದ ಪ್ರಾಯಶ್ಚಿತ್ತ! ಇಷ್ಟು ವರ್ಷ ನಿಮ್ಮ ಹೆಸರು ಮಾತ್ರ ಒಳಗೆ ಹೋಗುತ್ತಿದೆ, ನೀವು ಹೊರಗೇ ಇದ್ದೀರಿ.

ಕ್ಷಮೆ ಕೇಳಲು ಇದನ್ನು ಬರೆದಿಲ್ಲ. ಆ ದಿನದ ಸರ್ವರ್ ದಾಖಲೆಯನ್ನು ನಾನು ಅಳಿಸಿರಲಿಲ್ಲ, ಈಗ ಮುದ್ರಿಸಿದ್ದೇನೆ. ಈ ಪತ್ರಕ್ಕೆ ಮೂರು ಪ್ರತಿ. ಒಂದು ನಿಮಗೆ. ಒಂದು, ದಾಖಲೆಯ ಸಮೇತ, ವ್ಯವಸ್ಥಾಪಕರಿಗೆ — ನೌಕರಿ ಹೋದರೆ ಹೋಗಲಿ. ಮೂರನೆಯದನ್ನು ಸೋಮವಾರ ಮುಂಜಾನೆ, ಪಾಳಿ ಬದಲಾಗುವ ಹೊತ್ತಿಗೆ, ನೀವು ಕೂಡುತ್ತಿದ್ದ ಕುರ್ಚಿಯ ಹಿಂದಿನ ಗೋಡೆಗೆ ನಾನೇ ಅಂಟಿಸುತ್ತೇನೆ. ಅವತ್ತು ನಕ್ಕವರಲ್ಲಿ ಮೂವರು ಇನ್ನೂ ಅಲ್ಲೇ ಇದ್ದಾರೆ. ಅವರನ್ನು ಕರೆದು ನಿಲ್ಲಿಸಿ, ಮೊದಲ ಸಾಲಿನಿಂದ ಗಟ್ಟಿಯಾಗಿ ಓದಿ ಹೇಳುತ್ತೇನೆ.